ಬಿಸಿಲಿಗೆ ಕಾಯುವ ಶಟರು, ಭಾರಕ್ಕೆ ನರಳುವ ಮೋಟಾರು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ತುಮಕೂರು ಜಿಲ್ಲೆಯವು. ಹೆಚ್ಚುಕಡಿಮೆ ಎಲ್ಲವೂ ಕಾರ್ ಶೆಡ್ಡಿನ ಬಾಗಿಲ ಸುತ್ತಲೇ ಸುತ್ತುತ್ತವೆ: ಅದರ ಕಾವು ತಡೆಯುವುದು ಹೇಗೆ, ಅದಕ್ಕೆ ಮೋಟಾರು ಕೂರಿಸುವುದು ಹೇಗೆ. ಇವೆರಡನ್ನೂ ಬೇರೆ ಬೇರೆ ಕೆಲಸ ಅಂದುಕೊಂಡು, ಬೇರೆ ಬೇರೆಯವರ ಕೈಲಿ, ಒಬ್ಬರಿಗೊಬ್ಬರು ಕೇಳದೆ ಮಾಡಿಸುವುದರಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ. ಮೇಲೆ ಕೆಳಗೆ ಓಡಾಡುವ ಬಾಗಿಲಿಗೆ ಏನನ್ನೇ ಸೇರಿಸಿದರೂ ಅದರ ತೂಕ ಮತ್ತು ದಪ್ಪವನ್ನು ಸ್ಪ್ರಿಂಗ್ ಹೊರಬೇಕು, ಮೋಟಾರು ಎತ್ತಬೇಕು.

ಪ್ರಶ್ನೆ: ತುಮಕೂರಿನ ಅಶೋಕನಗರದಲ್ಲಿ ನಮ್ಮ ಮನೆ. ಕಾರ್ ಶೆಡ್ಡಿಗೆ 10 ಅಡಿ ಅಗಲ, 8 ಅಡಿ ಎತ್ತರದ ಕಬ್ಬಿಣದ ರೋಲಿಂಗ್ ಶಟರ್, ಪಶ್ಚಿಮಕ್ಕೆ ಮುಖ. ಕಡುಹಸಿರು ಬಣ್ಣ. ಶೆಡ್ಡಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೇವೆ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಕೂರಲು ಆಗುವುದಿಲ್ಲ. ಶಟರಿನ ಒಳಮೈಗೆ ಒಂದಿಂಚು ಥರ್ಮಾಕೋಲ್ ಅಂಟಿಸಿ ಎನ್ನುತ್ತಾರೆ. ಯಾವ ಅಂಟು ಬಳಸಬೇಕು?

ಉತ್ತರ: ಅಂಟಿಸಲೇಬೇಡಿ. ರೋಲಿಂಗ್ ಶಟರ್ ಅಂದರೆ ಸುರುಳಿ ಸುತ್ತಿಕೊಳ್ಳುವ ಚಾಪೆ. ಚಾಪೆ ದಪ್ಪವಾದಷ್ಟೂ ಸುರುಳಿ ಊದುತ್ತದೆ. ಶಟರಿನ ಅಡ್ಡ ತಗಡಿನ ಪಟ್ಟಿಯ ಉಬ್ಬು ಸೇರಿ 15 ಮಿ.ಮೀ. ದಪ್ಪ ಎಂದಿಟ್ಟುಕೊಳ್ಳಿ. 8 ಅಡಿ ಎತ್ತರದ ಶಟರು 110 ಮಿ.ಮೀ. ಡ್ರಮ್ಮಿನ (ಅದು ಸುತ್ತಿಕೊಳ್ಳುವ ಪೈಪಿನ) ಮೇಲೆ ಪೂರ್ತಿ ಸುತ್ತಿಕೊಂಡಾಗ ಸುರುಳಿಯ ಅಡ್ಡಳತೆ ಸುಮಾರು 240 ಮಿ.ಮೀ. ಆಗುತ್ತದೆ. ಬರೀ 10 ಮಿ.ಮೀ. ಫೋಮ್ ಸೇರಿದರೆ ಅದೇ ಸುರುಳಿ 300 ಮಿ.ಮೀ. ಆಗುತ್ತದೆ. ಒಂದಿಂಚು ಥರ್ಮಾಕೋಲ್ ಅಂದರೆ 370ರ ಹತ್ತಿರ. ಸುರುಳಿಯನ್ನು ಮುಚ್ಚುವ ತಗಡಿನ ಡಬ್ಬಿ, ಅಂದರೆ ನಿಮ್ಮ ಹುಡ್, ಒಂದಡಿಯದಾದರೆ ಸುರುಳಿ ತಗಡಿಗೆ ಉಜ್ಜುತ್ತದೆ, ಕೊನೆಯ ಒಂದೆರಡು ಅಡಿ ಮೇಲೇಳುವುದೇ ಇಲ್ಲ. ಸುರುಳಿಯ ಅಳತೆ ಬದಲಾದರೆ ಸ್ಪ್ರಿಂಗಿನ ಹದವೂ ತಪ್ಪುತ್ತದೆ. ಮೊದಲು ಒಂದು ಬೆರಳಿಗೆ ಏಳುತ್ತಿದ್ದ ಶಟರು ಮಧ್ಯದಲ್ಲಿ ಜಗ್ಗುತ್ತದೆ, ತುದಿಯಲ್ಲಿ ಚಿಮ್ಮುತ್ತದೆ.

ಅಂಟಿನ ವಿಷಯ ಇನ್ನೂ ಕಷ್ಟ. ಪ್ಲೈವುಡ್‌ಗೆ ಮೈಕಾ ಅಂಟಿಸುವ ಹಳದಿ ರಬ್ಬರ್ ಅಂಟಿನಲ್ಲಿರುವ ದ್ರಾವಕ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಹಚ್ಚಿದ ಕೆಲವೇ ನಿಮಿಷದಲ್ಲಿ ಹಲಗೆಯಲ್ಲಿ ಗುಳಿ ಬೀಳುವುದು ಕಾಣುತ್ತದೆ. ನೀರಿನ ಅಂಟು ಕಾದ ಕಬ್ಬಿಣದ ಮೇಲೆ ಎರಡು ಬೇಸಿಗೆ ಬಾಳುವುದಿಲ್ಲ. ಜೊತೆಗೆ ಕಾರು, ಪೆಟ್ರೋಲು ಇರುವ ಜಾಗ ಅದು. ಸಾದಾ ಥರ್ಮಾಕೋಲ್ ಹೊತ್ತಿಕೊಂಡರೆ ಕಪ್ಪು ಹೊಗೆ ಉಗುಳಿ, ಕರಗಿ ತೊಟ್ಟಿಕ್ಕುತ್ತಾ ಉರಿಯುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಕಾವು ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಳ್ಳಿ. ಸಂಜೆ ನಾಲ್ಕು ಗಂಟೆಗೆ ಶಟರ್ ಪೂರ್ತಿ ಎಳೆದು, ದೀಪ ಆರಿಸಿ, ಒಳಗೆ ನಿಲ್ಲಿ. ಶಟರು ಜಾರುವ ಎರಡೂ ಬದಿಯ ಗೈಡ್ ಪಟ್ಟಿಯ ಉದ್ದಕ್ಕೂ, ಹುಡ್ ಕೆಳಗೆ, ನೆಲದ ಅಂಚಿನಲ್ಲಿ ಬಿಸಿಲು ಗೆರೆಗೆರೆಯಾಗಿ ಒಳಗೆ ಬಂದಿರುತ್ತದೆ. ಆ ಗೆರೆಯಲ್ಲಿ ದೂಳು ಕುಣಿಯುವುದು ಕಾಣುತ್ತದೆ. ಅಷ್ಟೂ ಜಾಗದಿಂದ ರಸ್ತೆಯ ಬಿಸಿಗಾಳಿ ಬರುತ್ತಿದೆ ಎಂದೇ ಅರ್ಥ. ಆಮೇಲೆ ಶಟರಿನಿಂದ ಎರಡಡಿ ದೂರದಲ್ಲಿ ಅಂಗೈ ಚಾಚಿ. ಮುಟ್ಟದೆಯೇ ಸುಡುವ ಆ ಝಳ ಕಬ್ಬಿಣದಿಂದ ನೇರವಾಗಿ ಸೂಸುತ್ತಿರುವುದು. ಕೊನೆಗೆ ತಾರಸಿಯ ಅಡಿಭಾಗಕ್ಕೂ ಪಶ್ಚಿಮದ ಗೋಡೆಗೂ ಕೈ ಮುಟ್ಟಿಸಿ. ಶಟರಿಗಿಂತ ಅವೇ ಹೆಚ್ಚು ಕಾದಿದ್ದರೆ ಶಟರಿಗೆ ಖರ್ಚು ಮಾಡಿ ಪ್ರಯೋಜನವಿಲ್ಲ, ಮೊದಲು ತಾರಸಿ ನೋಡಬೇಕು.

ತಪ್ಪು ಶಟರಿನದೇ ಎಂದಾದರೆ, ಹೊರಗಿನಿಂದ ಒಳಕ್ಕೆ ಕೆಲಸ ಮಾಡುತ್ತಾ ಬನ್ನಿ. ಬಿಸಿಲು ಕಬ್ಬಿಣಕ್ಕೆ ತಾಗುವ ಮೊದಲೇ ತಡೆದರೆ ಅದರಷ್ಟು ಲಾಭ ಇನ್ನಾವುದರಲ್ಲೂ ಇಲ್ಲ. ಪಶ್ಚಿಮದ ಇಳಿಬಿಸಿಲಿಗೆ ಎರಡಡಿ ಸಜ್ಜಾ ಸಾಲದು, ನಾಲ್ಕು ಗಂಟೆಯ ಮೇಲೆ ಸೂರ್ಯ ಸಜ್ಜಾದ ಕೆಳಗಿನಿಂದಲೇ ಒಳಗೆ ಬರುತ್ತಾನೆ. ಶಟರಿನಿಂದ ಒಂದಡಿ ಹೊರಗೆ, ಮೇಲಿನಿಂದ ಇಳಿಬಿಡುವ ಬಿದಿರು ಕಡ್ಡಿಯ ಪರದೆ (ಚಿಕ್ಕು) ಅಥವಾ 75 ಪರ್ಸೆಂಟಿನ ನೆರಳು ಬಲೆ ಹಾಕಿ. ನಡುವೆ ಗಾಳಿ ಆಡಬೇಕು; ಬಲೆ ಶಟರಿಗೆ ಅಂಟಿಕೊಂಡಿದ್ದರೆ ಅದರ ಕಾವೂ ಒಳಗೇ ಬರುತ್ತದೆ.

ಎರಡನೆಯದು ಬಣ್ಣ. ಕಡುಹಸಿರು ಶಟರು ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ಹೀರಿಕೊಳ್ಳುತ್ತದೆ, ಚೊಕ್ಕ ಬಿಳಿ ಬಣ್ಣದ್ದು ಕಾಲುಭಾಗ ಅಥವಾ ಸ್ವಲ್ಪ ಹೆಚ್ಚು ಮಾತ್ರ. 80 ಚದರ ಅಡಿಯ ಶಟರು ಪಟ್ಟಿಗಳ ಉಬ್ಬುತಗ್ಗು ಸೇರಿ 100 ಚದರ ಅಡಿ ಬಣ್ಣ ಕುಡಿಯುತ್ತದೆ: ಪ್ರೈಮರ್ ಒಂದು ಲೀಟರ್, ಬಿಳಿ ಸಿಂಥೆಟಿಕ್ ಎನಾಮೆಲ್ ಎರಡು ಸಲ ಬಳಿಯಲು ಎರಡು ಲೀಟರ್. ತುಕ್ಕನ್ನು ಎಮರಿ ಕಾಗದದಲ್ಲಿ ಉಜ್ಜಿ, ಸೀಮೆಣ್ಣೆಯಂಥ ಜಿಡ್ಡು ಉಳಿಯದಂತೆ ಥಿನ್ನರಿನಲ್ಲಿ ಒರೆಸಿ. ಕೋಟು ತೆಳ್ಳಗಿರಲಿ. ದಪ್ಪ ಬಳಿದರೆ ಪಟ್ಟಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಮಡಿಕೆಯಲ್ಲಿ ಬಣ್ಣ ಕೂತು ಶಟರು ಬಿಗಿಯುತ್ತದೆ. ಕೊನೆಯ ಕೋಟಿನ ನಂತರ 24 ಗಂಟೆ ಶಟರ್ ಎತ್ತಬೇಡಿ, ಸುತ್ತಿದರೆ ಅಂಟಿಕೊಂಡು ಬಿಡಿಸುವಾಗ ಬಣ್ಣ ಕಿತ್ತುಬರುತ್ತದೆ.

ಮೂರನೆಯದು ಸಂದು. ಅಲ್ಯೂಮಿನಿಯಂ ಹಿಡಿಕೆಯ ನೈಲಾನ್ ಬ್ರಶ್ ಪಟ್ಟಿ ಎರಡು ಬದಿಗೆ 16 ಅಡಿ, ಮೇಲೆ ಹುಡ್ ಬಾಯಿಗೆ 10 ಅಡಿ, ಒಟ್ಟು 26 ಅಡಿ ಬೇಕು. ಕೂದಲು ಶಟರನ್ನು ಸವರಬೇಕು, ಒತ್ತಬಾರದು. ಕೆಳಗಿನ ಆ್ಯಂಗಲ್ಲಿಗೆ 10 ಅಡಿ ಟೊಳ್ಳು ರಬ್ಬರ್ ಪಟ್ಟಿಯನ್ನು ಬೋಲ್ಟಿನಲ್ಲಿ ಬಿಗಿಸಿ, ಅಂಟಿನಲ್ಲಿ ಅಲ್ಲ.

ಇಷ್ಟಾದ ಮೇಲೂ ಸಾಲದಿದ್ದರೆ ಒಳಗೊಂದು ಎರಡನೆಯ ಪದರ ಬೇಕು, ಆದರೆ ಶಟರಿನ ಮೇಲಲ್ಲ, ಅದರಿಂದ ನಾಲ್ಕು ಇಂಚು ಒಳಗೆ. ಅಗ್ಗದ ದಾರಿ ಪರದೆ. ಒಂದು ಮುಖಕ್ಕೆ ಅಲ್ಯೂಮಿನಿಯಂ ಹಾಳೆ ಇರುವ, ಮೃದು ಪ್ಲಾಸ್ಟಿಕ್ಕಿನ 10 ಮಿ.ಮೀ. ಎಕ್ಸ್‌ಎಲ್‌ಪಿಇ ಫೋಮ್ ರೋಲು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. 1.2 ಮೀಟರ್ ಅಗಲದ್ದಾದರೆ ಎರಡೂವರೆ ಮೀಟರಿನ ಮೂರು ತುಂಡು ನಿಮ್ಮ ಬಾಗಿಲಿಗೆ ಸಾಕು, ಒಂದರ ಮೇಲೊಂದು ಅರ್ಧ ಅಡಿ ಹಾಯಿಸಿ ಕ್ಯಾನ್‌ವಾಸ್ ಬಟ್ಟೆಗೆ ಹೊಲಿದು, ಪೈಪಿನ ಮೇಲೆ ಬಳೆಗಳಲ್ಲಿ ತೂಗುಹಾಕಿ. ಮನೆಯಲ್ಲೇ ಹೊಲಿಗೆ ಯಂತ್ರ ಇರುವ ನಿಮಗೆ ಇದು ಒಂದು ದಿನದ ಕೆಲಸ. ಹೊಳೆಯುವ ಮುಖ ಶಟರಿನ ಕಡೆಗೇ ಇರಬೇಕು, ನಡುವೆ ಗಾಳಿ ಇರಲೇಬೇಕು. ಹಾಳೆ ಕಬ್ಬಿಣಕ್ಕೆ ತಾಗಿದರೆ ಅದೂ ಕಬ್ಬಿಣದ ಹಾಗೇ ಕಾವನ್ನು ದಾಟಿಸುತ್ತದೆ, ಹೊಳಪಿನಿಂದ ಏನೂ ಲಾಭವಿಲ್ಲ.

ಗಟ್ಟಿ ದಾರಿ ಮಡಿಸುವ ನಾಲ್ಕು ರೆಕ್ಕೆಯ ಬಾಗಿಲು. ಒಂದೊಂದು ರೆಕ್ಕೆ ಎರಡೂವರೆ ಅಡಿ ಅಗಲ; 25 ಮಿ.ಮೀ. ಚೌಕ ಪೈಪಿನ ಚೌಕಟ್ಟು, ಒಳಗೆ ಗಟ್ಟಿ ಫೋಮಿನ ಅದೇ 25 ಮಿ.ಮೀ.ನ ಎಕ್ಸ್‌ಪಿಎಸ್ ಹಲಗೆ, ಎರಡು ಮುಖಕ್ಕೂ ಬೆಂಕಿ ತಡೆಯುವ ದರ್ಜೆಯ ಎಸಿಪಿ (ಎರಡು ಅಲ್ಯೂಮಿನಿಯಂ ಪದರದ ನಡುವೆ ತಿರುಳಿರುವ) ಶೀಟು. 1.25 ಮೀಟರ್‌ಗೆ 0.6 ಮೀಟರ್ ಅಳತೆಯ ಹಲಗೆ ತಂದರೆ ಕತ್ತರಿಸಿ ಪೋಲಾಗುವುದೂ ಸೇರಿ 11 ಬೇಕು. ರೆಕ್ಕೆಯೊಂದು 25 ಕಿಲೋ ಆಸುಪಾಸು ಬರುವುದರಿಂದ ಮೂರು ಹಿಂಜು ಹಾಕಿಸಿ, ನಡುವಿನ ಎರಡು ರೆಕ್ಕೆಗಳ ಅಡಿಗೆ ಚಕ್ರ ಕೊಡಿ. ಇಲ್ಲವಾದರೆ ವರ್ಷದೊಳಗೆ ಜೋತು ನೆಲ ಕೆರೆಯುತ್ತವೆ.

ಒಂದು ಎಚ್ಚರಿಕೆ. ಕಾರು ನಿಲ್ಲುವ ಜಾಗವನ್ನು ಪೂರ್ತಿ ಮುಚ್ಚಿ ಬಿಗಿಯಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ನೆಲದಿಂದ ಅರ್ಧ ಅಡಿ ಮೇಲೊಂದು, ಸೂರಿನ ಬಳಿ ಎದುರು ಗೋಡೆಯಲ್ಲೊಂದು, ತಲಾ 9 ಇಂಚು ಚದರದ ಜಾಲರಿ ಕಿಂಡಿ ಇರಲಿ. ನಿಮ್ಮಲ್ಲಿ ಮನುಷ್ಯರು ಕೂತು ಕೆಲಸ ಮಾಡುವ ಜಾಗ ಅದು. ಶಟರ್ ಮುಚ್ಚಿಕೊಂಡು ಒಂದು ನಿಮಿಷವೂ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.

ಪ್ರಶ್ನೆ: ಶೆಟ್ಟಿಹಳ್ಳಿಯಲ್ಲಿ ನಮ್ಮದೂ 10×8 ಅಡಿಯ ಶಟರೇ, 18 ಗೇಜಿನದು, ಸ್ಪ್ರಿಂಗಿನದು. ವಯಸ್ಸಾದ ತಂದೆಗೆ ಎತ್ತಲು ಆಗುತ್ತಿಲ್ಲ. ಒಬ್ಬರು ಸೆಂಟರ್ ಮೋಟಾರ್ ಸಾಕು ಎನ್ನುತ್ತಾರೆ, ಇನ್ನೊಬ್ಬರು ಸೈಡ್ ಮೋಟಾರೇ ಬೇಕು ಎನ್ನುತ್ತಾರೆ. ಕರೆಂಟ್ ಹೋದರೆ ಏನು ಮಾಡುವುದು?

ಉತ್ತರ: ತೂಕದಿಂದ ಶುರು ಮಾಡೋಣ. 18 ಗೇಜು ಅಂದರೆ ಸುಮಾರು 1.2 ಮಿ.ಮೀ. ತಗಡು, ಮಡಿಕೆ ಸೇರಿ ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 13 ಕಿಲೋ. 20 ಗೇಜಾದರೆ 10 ಕಿಲೋ. ನಿಮ್ಮದು 7.4 ಚದರ ಮೀಟರ್. ಕೆಳಗಿನ ಆ್ಯಂಗಲ್, ಬೀಗದ ತಟ್ಟೆ ಸೇರಿ 105 ಕಿಲೋ ಎಂದು ಹಿಡಿಯಿರಿ. ಇಷ್ಟು ತೂಕವನ್ನು ನಿಮ್ಮ ತಂದೆ ಎಂದೂ ಎತ್ತಿದವರಲ್ಲ, ಸ್ಪ್ರಿಂಗ್ ಎತ್ತುತ್ತಿತ್ತು. ಈಗ ಎತ್ತಲಾಗುತ್ತಿಲ್ಲ ಎಂದರೆ ಅವರ ವಯಸ್ಸಿನ ಜೊತೆ ಸ್ಪ್ರಿಂಗೂ ಸಡಿಲವಾಗಿರಬಹುದು. ಶಟರನ್ನು ಸೊಂಟದ ಮಟ್ಟಕ್ಕೆ ಎತ್ತಿ ನಿಧಾನ ಕೈಬಿಡಿ. ಅಲ್ಲೇ ನಿಂತರೆ, ಒಂದೆರಡು ಇಂಚು ಮಾತ್ರ ಜಾರಿದರೆ ಸ್ಪ್ರಿಂಗ್ ಸರಿಯಿದೆ. ಧಡ್ ಎಂದು ಕೆಳಗೆ ಬಿದ್ದರೆ ಸ್ಪ್ರಿಂಗ್ ಮೊದಲು ಬದಲಾಗಬೇಕು, ಮೋಟಾರಿನ ಮಾತು ಆಮೇಲೆ. ಬೀಳಬಹುದೆಂದೇ ಕಾಲು, ಕೈ ದೂರ ಇಟ್ಟು ನೋಡಿ.

ಸೆಂಟರ್ ಮೋಟಾರು ಈಗಿರುವ ಪೈಪಿನ ನಡುವೆಯೇ ಕೂರುತ್ತದೆ, ಸ್ಪ್ರಿಂಗ್ ಇದ್ದಂತೆಯೇ ಇರುತ್ತದೆ. ಮೋಟಾರು ಎತ್ತುವುದು ಸ್ಪ್ರಿಂಗ್ ಹೊತ್ತು ಉಳಿದದ್ದನ್ನು ಮಾತ್ರ. ಆದ್ದರಿಂದ ಸ್ಪ್ರಿಂಗ್ ಸೋತ ದಿನ ಪೂರ್ತಿ ಭಾರ ಮೋಟಾರಿನ ಮೇಲೆ ಬಿದ್ದು ಅದರ ಗೇರು ಸವೆಯುತ್ತದೆ. ಕೊಳ್ಳುವ ಮೊದಲು ಪೈಪಿನ ಹೊರ ಅಡ್ಡಳತೆ, ಸ್ಪ್ರಿಂಗ್ ಡಬ್ಬಿಯ ಅಡ್ಡಳತೆ ಎರಡನ್ನೂ ಅಳೆದು ಬರೆದುಕೊಂಡು ಹೋಗಿ. ಮೋಟಾರಿನ ಚಕ್ರ ಅದಕ್ಕೆ ಕೂಡಿಬರಬೇಕು. ಸೈಡ್ ಮೋಟಾರು ಪೈಪಿನ ಒಂದು ತುದಿಯ ಪಕ್ಕದಲ್ಲಿ ಪ್ಲೇಟಿನ ಮೇಲೆ ಕೂತು ಚೈನು, ಹಲ್ಲುಚಕ್ರದ ಮೂಲಕ ಪೈಪನ್ನು ತಿರುಗಿಸುತ್ತದೆ. ಇದಕ್ಕೆ ಸ್ಪ್ರಿಂಗ್ ಬೇಡ, ಹಾಕುವಾಗ ತೆಗೆದುಬಿಡುತ್ತಾರೆ. ಪಕ್ಕದಲ್ಲಿ ಒಂದೂಕಾಲು ಅಡಿಯಾದರೂ ಖಾಲಿ ಗೋಡೆ ಇರಬೇಕು. ಮೂರನೆಯದು ಪೈಪಿನ ಒಳಗೇ ಅಡಗುವ ಟ್ಯೂಬ್ ಮೋಟಾರು. ಅದು ಹಗುರ ಅಲ್ಯೂಮಿನಿಯಂ ಶಟರಿಗೆ ಸರಿ, ನಿಮ್ಮ 105 ಕಿಲೋ ಕಬ್ಬಿಣಕ್ಕೆ ಬೇಡ. ಸಾಮಾನ್ಯವಾಗಿ ನಾಲ್ಕೈದು ನಿಮಿಷ ಬಿಡದೆ ಓಡಿದರೆ ಕಾವಿಗೆ ತಾನೇ ನಿಂತುಬಿಡುತ್ತದೆ.

ನಿಮ್ಮ ಮನೆಗೆ ನಮ್ಮ ಆಯ್ಕೆ 300 ಕಿಲೋ ಸೈಡ್ ಮೋಟಾರು. ಕಾರಣ, ಅದಕ್ಕೆ ಕೈಚೈನು ಇರುತ್ತದೆ. ಕರೆಂಟ್ ಹೋದಾಗ ಒಳಗಿನಿಂದ ಚೈನಿನ ಒಂದು ಎಳೆ ಎಳೆದರೆ ಮೇಲೆ, ಇನ್ನೊಂದು ಎಳೆದರೆ ಕೆಳಗೆ. ನಿಧಾನ, ಆದರೆ ತಂದೆಯವರೂ ಮಾಡಬಹುದಾದ ಕೆಲಸ. ಶೆಡ್ಡಿಗೆ ಬೇರೆ ಬಾಗಿಲಿಲ್ಲದಿದ್ದರೆ ಚೈನು ಒಳಗೇ ಉಳಿದು ನೀವು ಹೊರಗೇ ಉಳಿಯುತ್ತೀರಿ. ಹಾಗಿದ್ದರೆ ಹೊರಗಿನಿಂದ ಬೀಗದಲ್ಲಿ ತೆರೆಯುವ ಚಿಕ್ಕ ಡಬ್ಬಿಯೊಳಗೆ ಚೈನು ಅಥವಾ ಹ್ಯಾಂಡಲ್ ಸಿಗುವಂತೆ ಮಾಡಿಸಿ. ಸ್ಪ್ರಿಂಗ್ ತೆಗೆದ ಶಟರಿನ ಪೂರ್ತಿ ಭಾರ ಮೋಟಾರಿನ ಬ್ರೇಕು ಮತ್ತು ಒಂದು ಚೈನಿನ ಮೇಲೆ ನಿಂತಿರುತ್ತದೆ. ಆದ್ದರಿಂದ ಪೈಪಿನ ಇನ್ನೊಂದು ತುದಿಗೆ ಬೀಳುತಡೆ ಬ್ರೇಕು ಇರಲೇಬೇಕು. ಚೈನು ಕಡಿದರೆ ಶಟರನ್ನು ಅಲ್ಲೇ ಹಿಡಿಯುವುದು ಅದು. ಖರ್ಚು ಕಡಿಮೆ ಮಾಡಲು ಫಿಟ್ಟರುಗಳು ಮೊದಲು ಬಿಡುವುದೂ ಅದನ್ನೇ, ಕೇಳಿ ಹಾಕಿಸಿಕೊಳ್ಳಿ.

ಕೂರಿಸುವ ಕ್ರಮದಲ್ಲಿ ಗಮನಿಸಬೇಕಾದವು ಇವು. ಸ್ಪ್ರಿಂಗ್ ಬಿಚ್ಚುವ ಮೊದಲು ಪೈಪಿನ ತೂತಿಗೆ ಸರಳು ಹಾಕಿ ಗಟ್ಟಿಯಾಗಿ ತಡೆದಿರಬೇಕು, ಸುತ್ತಿದ ಸ್ಪ್ರಿಂಗ್ ಕೈಜಾರಿದರೆ ಮೂಳೆ ಮುರಿಯುತ್ತದೆ. ಇದು ಮನೆಯವರು ಕೈ ಹಾಕುವ ಕೆಲಸವಲ್ಲ. ಬ್ರಾಕೆಟ್ ಗಾರೆಯ ಮೇಲೆ ನಿಲ್ಲಬಾರದು. ಗಾರೆ ಕೆತ್ತಿ, ಕಾಂಕ್ರೀಟ್ ಕಂಬ ಅಥವಾ ಲಿಂಟಲ್ಲಿಗೆ 12 ಮಿ.ಮೀ. ಆ್ಯಂಕರ್ ಬೋಲ್ಟಿನಲ್ಲಿ ಬಿಗಿಯಬೇಕು. ಬರೀ ಇಟ್ಟಿಗೆ, ಹಾಲೋ ಬ್ಲಾಕ್ ಗೋಡೆಯಾದರೆ ಹಿಂದೊಂದು ಪ್ಲೇಟು ಕೊಟ್ಟು ಬೋಲ್ಟನ್ನು ಆಚೆ ದಾಟಿಸಿ. ಎರಡು ಹಲ್ಲುಚಕ್ರ ಒಂದೇ ಗೆರೆಯಲ್ಲಿರಬೇಕು, ಚೈನಿನ ನಡುವೆ ಬೆರಳಿನಿಂದ ಒತ್ತಿದರೆ ಒಂದು ಸೆಂಟಿಮೀಟರ್ ಆಡಬೇಕು. ಪಟ್ಟಿಗಳ ತುದಿಯ ಎಂಡ್ ಲಾಕ್ ಉದುರಿದ್ದರೆ ಮೊದಲು ಹಾಕಿಸಿ. ಅದಿಲ್ಲದ ಪಟ್ಟಿ ಪಕ್ಕಕ್ಕೆ ಸರಿದು ಗೈಡನ್ನು ಕೆರೆಯುತ್ತದೆ, ಕೈಯಲ್ಲಿ ಎತ್ತುವಾಗ ತಿಳಿಯುತ್ತಿದ್ದ ಬಿಗಿ ಮೋಟಾರಿಗೆ ತಿಳಿಯುವುದಿಲ್ಲ, ಮಡಚಿ ಹಾಕುತ್ತದೆ.

ಹಳೆಯ ಅಡ್ಡ ಅಗುಳಿಗಳನ್ನು ಕಿತ್ತುಹಾಕಿ. ಮೋಟಾರು ಹಾಕಿಸಿದ ಮನೆಗಳಲ್ಲಿ ಪಟ್ಟಿ ಬಾಗುವುದಕ್ಕೆ ದೊಡ್ಡ ಕಾರಣ ಇದೇ: ರಾತ್ರಿ ಯಾರೋ ಅಗುಳಿ ಹಾಕಿರುತ್ತಾರೆ, ಬೆಳಿಗ್ಗೆ ಇನ್ಯಾರೋ ಬಟನ್ ಒತ್ತುತ್ತಾರೆ. ಅಗುಳಿ ಬೇಕೇ ಬೇಕು ಎಂದಾದರೆ, ಅದು ಹಾಕಿದ್ದಾಗ ಮೋಟಾರಿಗೆ ಕರೆಂಟ್ ಹೋಗದಂತೆ ಅದರ ತುದಿಗೆ ಒಂದು ಸ್ವಿಚ್ ಕೊಡಿಸಿ.

ಶಟರು ಮೇಲೆ, ಕೆಳಗೆ ಎಲ್ಲಿ ನಿಲ್ಲಬೇಕು ಎಂಬ ಲಿಮಿಟ್ ಹೊಂದಿಸುವಾಗ ರಿಮೋಟ್ ಬೇಡ, ಗೋಡೆಯ ಬಟನ್ನಿನಲ್ಲೇ ಮಾಡಿ. ಮೊದಲು ಕೆಳಗಿನ ಲಿಮಿಟ್: ರಬ್ಬರ್ ನೆಲಕ್ಕೆ ತಾಗಿದಲ್ಲಿ ನಿಲ್ಲಬೇಕು. ಅದಕ್ಕಿಂತ ಮುಂದೆ ಓಡಿದರೆ ಪಟ್ಟಿಗಳು ಹುಡ್ ಒಳಗೆ ಸಡಿಲಗೊಂಡು ಉಬ್ಬುತ್ತವೆ, ಮರುದಿನ ಎತ್ತುವಾಗ ಸಿಕ್ಕಿಕೊಳ್ಳುತ್ತವೆ. ಮೇಲಿನ ಲಿಮಿಟ್ ಹುಡ್ ಬಾಯಿಗೆ ಎರಡು ಮೂರು ಇಂಚು ಕೆಳಗೇ ಇರಲಿ.

ವೈರಿಂಗಿಗೆ 1.5 ಚದರ ಮಿ.ಮೀ. ಮೂರು ಎಳೆಯ ತಾಮ್ರದ ತಂತಿ, ಬೇರೆಯೇ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು), ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆ್ಯಂಪ್ ಆರ್‌ಸಿಸಿಬಿ, ಮತ್ತು ಶಟರಿನ ಚೌಕಟ್ಟಿಗೂ ಸೇರಿ ಅರ್ಥಿಂಗ್. ಕಬ್ಬಿಣದ ಬಾಗಿಲು, ಒದ್ದೆ ಕೈ, ಮಳೆ. ಇಲ್ಲಿ ಅರ್ಥಿಂಗ್ ಬಿಡುವಂತೆಯೇ ಇಲ್ಲ. ಏಪ್ರಿಲ್, ಮೇ ತಿಂಗಳ ಸಿಡಿಲಿನ ಮಳೆಗೆ ಮೊದಲು ಸುಡುವುದು ಕಂಟ್ರೋಲ್ ಬೋರ್ಡು, ದಿಢೀರ್ ಏರುವ ವೋಲ್ಟೇಜ್ ತಡೆಯುವ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಇನ್ವರ್ಟರಿಗೆ ಜೋಡಿಸಬಹುದೇ ಎಂದು ಕೇಳುವವರು ಬಹಳ. ಈ ಮೋಟಾರು ಓಡುವಾಗ 300ರಿಂದ 400 ವಾಟ್ ತಿಂದರೂ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಫ್ಯಾನು, ದೀಪ ಓಡುತ್ತಿರುವ ಸಣ್ಣ ಇನ್ವರ್ಟರ್ ಟ್ರಿಪ್ ಆಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಮೋಟಾರು ಗುಂಯ್‌ಗುಟ್ಟಿ ಕಾಯುತ್ತದೆ. ದೊಡ್ಡ ಸೈನ್ ವೇವ್ ಇನ್ವರ್ಟರ್ ಇದ್ದರೆ ಸರಿ, ಇಲ್ಲವಾದರೆ ಕೈಚೈನೇ ಸಾಕು.

ಮಕ್ಕಳಿರುವ ಮನೆಯಾದರೆ ನೆಲದಿಂದ ಆರು ಇಂಚು ಎತ್ತರದಲ್ಲಿ ಯಾರಾದರೂ ಅಡ್ಡ ಇದ್ದರೆ ಶಟರು ಇಳಿಯದಂತೆ ತಡೆಯುವ ಒಂದು ಜೊತೆ ಬೆಳಕಿನ ಸೆನ್ಸರ್ ಹಾಕಿಸಿ. ಗೋಡೆಯ ಬಟನ್ ಐದಡಿ ಎತ್ತರದಲ್ಲಿ, ಶಟರ್ ಕಣ್ಣಿಗೆ ಕಾಣುವ ಜಾಗದಲ್ಲೇ ಇರಲಿ. ಅಡುಗೆಮನೆಯಲ್ಲಿ ಕೂತು ಒತ್ತುವ ಬಟನ್ ಬೇಡ.

ಪ್ರಶ್ನೆ: ಪಾವಗಡದಲ್ಲಿ ಮನೆ ಕಟ್ಟಿಸುವಾಗ ಅಡ್ಡ ಪಟ್ಟೆಗಳಲ್ಲಿ ಮಡಚಿಕೊಂಡು ಚಾವಣಿ ಕೆಳಗೆ ಮಲಗುವ ಸೆಕ್ಷನಲ್ ಬಾಗಿಲು ಹಾಕಿಸಿದೆವು, 9×7 ಅಡಿ. ಬಿಸಿಲು ತಾಳಲಾರದೆ ಒಳಗಿನಿಂದ ಥರ್ಮಾಕೋಲ್ ತುಂಬಿ, ಅದರ ಮೇಲೆ 6 ಮಿ.ಮೀ. ಪ್ಲೈವುಡ್ ಹೊಡೆಸಿದೆವು. ಈಗ ಬಾಗಿಲು ತೆರೆಯುವ ಮೋಟಾರು (ಓಪನರ್) ಅರ್ಧಕ್ಕೆ ನಿಲ್ಲುತ್ತದೆ, ಕೆಲವೊಮ್ಮೆ ವಾಪಸು ಹೋಗುತ್ತದೆ. ಅದರ ತಳ್ಳುವ ಬಲದ ಸೆಟ್ಟಿಂಗ್ (ಫೋರ್ಸ್) ಜಾಸ್ತಿ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ಓಡುತ್ತದೆ, ಆದರೆ ಸರಿಹೋಗುವುದಿಲ್ಲ. ಈ ಬಾಗಿಲು ಸುರುಳಿ ಸುತ್ತುವುದಿಲ್ಲವಾದ್ದರಿಂದ ಪಟ್ಟೆಗಳ ಕುಳಿಯಲ್ಲಿ ಫೋಮ್ ತುಂಬಿದ್ದು ತಪ್ಪಲ್ಲ. ಥರ್ಮಾಕೋಲಿನ ತೂಕ ಎರಡು ಮೂರು ಕಿಲೋ ಮಾತ್ರ. ತೊಂದರೆ ಪ್ಲೈವುಡ್‌ನದು: ಆರು ಚದರ ಮೀಟರಿಗೆ ಸುಮಾರು 22 ಕಿಲೋ. ಬಾಗಿಲಿನ ಮೇಲಿರುವ, ತಿರುಚಿ ಬಿಗಿಯುವ ಟಾರ್ಷನ್ ಸ್ಪ್ರಿಂಗ್ ಹಳೆಯ ತೂಕಕ್ಕೆ ಬಿಗಿದದ್ದು. ಆ 22 ಕಿಲೋವನ್ನು ಈಗ ಓಪನರ್ ಒಂದೇ ಎತ್ತುತ್ತಿದೆ. ಅದು ಎತ್ತಲು ಆದದ್ದಲ್ಲ, ಹದವಾಗಿ ತೂಗುವ ಬಾಗಿಲನ್ನು ತಳ್ಳಲು ಆದದ್ದು.

ಬಾಗಿಲು ಮುಚ್ಚಿದ್ದಾಗ ಓಪನರಿನಿಂದ ತೂಗುವ ಕೆಂಪು ಹಗ್ಗ ಎಳೆದು ಅದನ್ನು ಬಾಗಿಲಿನಿಂದ ಬಿಡಿಸಿ, ಕೈಯಲ್ಲಿ ಸೊಂಟದ ಮಟ್ಟಕ್ಕೆ ಎತ್ತಿ ನೋಡಿ. ಜಾರಿ ಇಳಿದರೆ ನಾವು ಹೇಳಿದ್ದು ನಿಜ. ಎರಡು ದಾರಿ ಇವೆ. ಪ್ಲೈವುಡ್ ಬಿಚ್ಚಿ ಅದರ ಬದಲು ತೆಳು ಅಲ್ಯೂಮಿನಿಯಂ ಶೀಟು ಅಥವಾ 3 ಮಿ.ಮೀ. ಪಿವಿಸಿ ಶೀಟು ಹಾಕಿ. ಅಥವಾ ಬಾಗಿಲನ್ನು ತೂಗಿ, ಆ ತೂಕಕ್ಕೆ ಹೊಂದುವ ಸ್ಪ್ರಿಂಗ್ ಹಾಕಿಸಿ. ತೂಗುವುದು ಹೀಗೆ: ಸ್ಪ್ರಿಂಗಿನ ಬಿಗಿ ಬಿಚ್ಚಿದ ಮೇಲೆ ಬಾಗಿಲಿನ ಕೆಳಗೆ ನಡುವೆ ತಕ್ಕಡಿ ಇಟ್ಟು ಅದರ ಮೇಲೆ ಇಳಿಸುವುದು. ಹಳೆಯ ಸ್ಪ್ರಿಂಗನ್ನೇ ನಾಲ್ಕು ಸುತ್ತು ಹೆಚ್ಚಿಗೆ ಬಿಗಿಸುವುದು ಬೇಡ, ಬೇಗ ಮುರಿಯುತ್ತದೆ. ಸಾಮಾನ್ಯ ಸ್ಪ್ರಿಂಗಿನ ಆಯುಷ್ಯ 10,000 ಸಲ ತೆರೆದು ಮುಚ್ಚುವಷ್ಟು. ದಿನಕ್ಕೆ ನಾಲ್ಕು ಸಲ ಎಂದರೆ ಏಳು ವರ್ಷದ ಹತ್ತಿರ. ಬಿಗಿಯಲು ಅದರದೇ ಉಕ್ಕಿನ ಸರಳು ಬೇಕು, ಸ್ಕ್ರೂ ಡ್ರೈವರ್ ತುರುಕಿ ತಿರುಗಿಸುವವರ ಕೈಗೆ ಕೆಲಸ ಕೊಡಬೇಡಿ.

ಫೋರ್ಸ್ ಜಾಸ್ತಿ ಮಾಡಿದರೆ ಏನು ಕಳೆದುಕೊಳ್ಳುತ್ತೀರಿ ಎಂದು ತಿಳಿಯಲು ಬಾಗಿಲ ಕೆಳಗೆ ಒಂದೂವರೆ ಇಂಚು ದಪ್ಪದ ಮರದ ತುಂಡು ಇಟ್ಟು ಮುಚ್ಚಿ ನೋಡಿ. ತುಂಡಿಗೆ ತಾಗಿದ ಎರಡು ಸೆಕೆಂಡಿನೊಳಗೆ ಬಾಗಿಲು ವಾಪಸು ಏಳಬೇಕು. ಫೋರ್ಸ್ ಏರಿಸಿದ ಓಪನರ್ ತುಂಡನ್ನು ಒತ್ತುತ್ತಲೇ ಇರುತ್ತದೆ. ಆ ತುಂಡಿನ ಜಾಗದಲ್ಲಿ ಮಗುವಿನ ಕಾಲು ಇರಬಹುದು. ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿ.

ಪ್ರಶ್ನೆ: ಕ್ಯಾತ್ಸಂದ್ರದಲ್ಲಿ ನಮ್ಮ ಗ್ಯಾರೇಜು. ಬೆಳಿಗ್ಗೆಯೆಲ್ಲ ಸರಿಯಾಗಿ ಮುಚ್ಚುವ ಬಾಗಿಲು ಸಂಜೆ ಐದರ ಹೊತ್ತಿಗೆ ಸ್ವಲ್ಪ ಇಳಿದು ಮತ್ತೆ ಮೇಲೇಳುತ್ತದೆ. ರಿಮೋಟ್ ಕೂಡ ಈಚೆಗೆ ಗೇಟಿನಿಂದ ಕೆಲಸ ಮಾಡುತ್ತಿಲ್ಲ, ಹತ್ತಿರ ಬಂದು ಒತ್ತಬೇಕು.

ಉತ್ತರ: ಸಂಜೆಯ ಬಿಸಿಲು ನೇರವಾಗಿ ಸೆನ್ಸರಿನ ಕಣ್ಣಿಗೆ ಹೊಡೆಯುತ್ತಿದೆ. ಜೊತೆಯಲ್ಲಿ ಒಂದು ಬೆಳಕು ಕಳಿಸುವುದು, ಇನ್ನೊಂದು ಹಿಡಿಯುವುದು. ಹಿಡಿಯುವುದಕ್ಕೆ ಸೂರ್ಯನ ಬೆಳಕು ತುಂಬಿದರೆ ಎದುರಿನ ಕಿರಣ ಕಾಣದು, ಯಾರೋ ಅಡ್ಡ ನಿಂತಿದ್ದಾರೆ ಎಂದೇ ಅದು ತಿಳಿಯುತ್ತದೆ. ಎರಡನ್ನೂ ಅದಲುಬದಲು ಮಾಡಿ, ಹಿಡಿಯುವ ಕಣ್ಣು ನೆರಳಿನ ಬದಿಗೆ ಬರಲಿ. ಆಗದಿದ್ದರೆ ಎರಡಿಂಚು ಉದ್ದದ ಕಪ್ಪು ಪಿವಿಸಿ ಪೈಪಿನ ತುಂಡನ್ನು ಟೋಪಿಯಂತೆ ಹಾಕಿ.

ರಿಮೋಟಿಗೆ ಮೊದಲು ಸೆಲ್ ಬದಲಿಸಿ. ಆದರೂ ಆಗದಿದ್ದರೆ ಓಪನರಿನಲ್ಲೋ ಅದರ ಪಕ್ಕದಲ್ಲೋ ಈಚೆಗೆ ಎಲ್‌ಇಡಿ ಬಲ್ಬು ಹಾಕಿದಿರಾ ನೋಡಿ. ಕಡಿಮೆ ದರ್ಜೆಯ ಎಲ್‌ಇಡಿ ಬಲ್ಬಿನೊಳಗಿನ ಸರ್ಕ್ಯೂಟ್ ರೇಡಿಯೋ ಗದ್ದಲ ಎಬ್ಬಿಸಿ ರಿಮೋಟಿನ ಸಂಕೇತವನ್ನು ಮುಚ್ಚಿಹಾಕುತ್ತದೆ. ಬಲ್ಬು ತೆಗೆದು ಒತ್ತಿ ನೋಡಿದರೆ ತಿಳಿಯುತ್ತದೆ. ರಿಸೀವರಿನ ಏರಿಯಲ್ ತಂತಿ ಕಬ್ಬಿಣದ ಡಬ್ಬಿಯೊಳಗೆ ಸುತ್ತಿಟ್ಟಿದ್ದರೆ ಹೊರಗೆಳೆದು ನೇರವಾಗಿ ಇಳಿಬಿಡಿ. ಹೊಸ ರಿಮೋಟ್ ಕೊಳ್ಳುವಾಗ ಪ್ರತಿ ಸಲ ಸಂಕೇತ ಬದಲಾಗುವ ರೋಲಿಂಗ್ ಕೋಡಿನದ್ದೇ ಇರಲಿ, ಒಂದೇ ಸಂಕೇತದ ರಿಮೋಟನ್ನು ನಕಲು ಮಾಡುವುದು ಸುಲಭ.

ಪ್ರಶ್ನೆ: ತಿಪಟೂರಿನ ಹತ್ತಿರ ತೋಟದ ಮನೆಯಲ್ಲಿ ಉಂಡೆ ಕೊಬ್ಬರಿಗೆ ಕಾಯಿ ಕೂಡಿಡುವ ಅಟ್ಟದ ಕೊಠಡಿ ಇದೆ, ಮುಂದೆ 12 ಅಡಿಯ ಶಟರು. ಕಾವು, ಇಲಿ ಎರಡೂ ತಡೆಯಲು ಶಟರನ್ನು ಫೋಮ್ ಪಟ್ಟಿಯಿಂದ ಪೂರ್ತಿ ಬಂದ್ ಮಾಡಿಸಬಹುದೇ?

ಉತ್ತರ: ಇಲಿಗೆ ಬಂದ್ ಮಾಡಿ, ಗಾಳಿಗೆ ಮಾಡಬೇಡಿ. ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಕಾಯಿಯೊಳಗಿನ ನೀರು ಇಂಗುತ್ತಾ ಹೋಗುವಾಗ ಆ ತೇವ ಕೊಠಡಿಯಿಂದ ಹೊರಗೆ ಹೋಗಲೇಬೇಕು. ಬಿಗಿಯಾಗಿ ಮುಚ್ಚಿದರೆ ತೇವ ಒಳಗೇ ನಿಂತು ಬೂಷ್ಟು ಹಿಡಿಯುತ್ತದೆ. ರಾತ್ರಿ ತಣ್ಣಗಾದ ಕಬ್ಬಿಣದ ಶಟರಿನ ಒಳಮೈಯಲ್ಲಿ ಬೆಳಗಿನ ಜಾವ ಹನಿ ಕಟ್ಟಿರುವುದನ್ನು ನೀವೇ ಕಂಡಿರುತ್ತೀರಿ. ಅಲ್ಲಿ ಫೋಮ್ ಇದ್ದರೆ ಅದರ ಹಿಂದೆ ನೀರು ನಿಂತು ತಗಡು ತುಕ್ಕು ಹಿಡಿಯುತ್ತದೆ. ಫೋಮನ್ನು ಇಲಿ ಕಡಿದು ಗೂಡು ಕಟ್ಟುತ್ತದೆ ಎಂಬುದು ಬೇರೆ.

ಶಟರಿನ ಕೆಳಗೆ ನೆಲ ಸಮ ಮಾಡಿಸಿ, ಆ್ಯಂಗಲ್ಲಿಗೆ ರಬ್ಬರಿನ ಜೊತೆ ಹೊರಮುಖಕ್ಕೆ ಎರಡಿಂಚು ಅಗಲದ ತಗಡಿನ ಪಟ್ಟಿ ಬಿಗಿಸಿ; ಇಲಿ ರಬ್ಬರನ್ನು ಕಡಿಯುತ್ತದೆ, ತಗಡನ್ನಲ್ಲ. ಅರ್ಧ ಇಂಚಿನ ಸಂದಿನಲ್ಲೂ ಮರಿ ಇಲಿ ನುಗ್ಗುತ್ತದೆ ಎಂಬುದು ನೆನಪಿರಲಿ. ಸೂರಿನ ಕೆಳಗಿನ ಕಿಂಡಿಗಳಿಗೆ ಕಾಲಿಂಚು ಕಣ್ಣಿನ ಗಟ್ಟಿ ವೆಲ್ಡೆಡ್ ಜಾಲರಿ ಹಾಕಿ ತೆರೆದೇ ಬಿಡಿ. ಕಾವಿಗೆ ಹೊರಗಿನ ನೆರಳು, ಬಿಳಿ ಬಣ್ಣ ಸಾಕು. ಹೇಗೂ 12 ಅಡಿ ಅಗಲದ ಶಟರ್ ಹೊಸದಾಗಿ ಮಾಡಿಸುವುದಿದ್ದರೆ ರೋಲಿಂಗ್ ಶಟರಿನ ಭಾರತೀಯ ಮಾನಕವಾದ ಐಎಸ್ 6248ರ ಪ್ರಕಾರ ಎಂದು ಆರ್ಡರಿನಲ್ಲೇ ಬರೆಸಿ. 10 ಚದರ ಮೀಟರ್ ಮೀರಿದರೆ ಬರೀ ಕೈಯಲ್ಲಿ ಎಳೆಯುವ ಸ್ಪ್ರಿಂಗ್ ಬೇಡ, ಚೈನು ಗೇರಿನದು ಮಾಡಿಸಿ.

ಪ್ರಶ್ನೆ: ಶಿರಾದಿಂದ ಕೇಳುತ್ತಿದ್ದೇವೆ. ಶಟರಿನ ಗೈಡಿಗೆ ತಿಂಗಳಿಗೊಮ್ಮೆ ಗ್ರೀಸ್ ತುಂಬುತ್ತೇವೆ, ಆದರೂ ಕಿರುಗುಟ್ಟುತ್ತದೆ.

ಉತ್ತರ: ಗ್ರೀಸೇ ಕಾರಣ. ನಿಮ್ಮ ಕಡೆಯ ದೂಳು ಗ್ರೀಸಿಗೆ ಸೇರಿ ಉಪ್ಪುಕಾಗದದಂತೆ ಗೈಡನ್ನೂ ಪಟ್ಟಿಯ ತುದಿಯನ್ನೂ ತೇಯುತ್ತಿದೆ. ಸೀಮೆಣ್ಣೆ ಅಥವಾ ಡೀಸೆಲ್ ಅದ್ದಿದ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಗೈಡಿನ ಒಳಗೆ ಮೇಲಿನಿಂದ ಕೆಳಗಿನ ತನಕ ಉಜ್ಜಿ ತೆಗೆಯಿರಿ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಒಂದು ಸಲ ಹಾಯಿಸಿ, ಮೂರು ತಿಂಗಳಿಗೊಮ್ಮೆ ಸಾಕು. ಗ್ರೀಸ್ ಬೇಕಾದ್ದು ಪೈಪಿನ ತುದಿಯ ಬೇರಿಂಗಿಗೆ, ಮೋಟಾರ್ ಇದ್ದರೆ ಅದರ ಚೈನಿಗೆ ತೆಳುವಾಗಿ ಎಣ್ಣೆ. ಬ್ರಶ್ ಪಟ್ಟಿಗೆ ಏನೂ ಬೇಡ.